ವೃದ್ಧರ ದೀರ್ಘಕಾಲದ ಆರೈಕೆಯನ್ನು ಡಾ. ಮಾರ್ಜರಿ ವಾರೆನ್ ಹೇಗೆ ಬದಲಿಸಿದರು?

ಮಾರ್ಜರಿ ವಾರೆನ್ ಅವರನ್ನು ಬ್ರಿಟನ್ನಿನ ವೃದ್ಧವೈದ್ಯಶಾಸ್ತ್ರದ ತಾಯಿ ಎಂದು ಕರೆಯಲು ಕಾರಣ, 1935ರಲ್ಲಿ ಅವರು ಕೆಲಸ ಮಾಡುತ್ತಿದ್ದ ಲಂಡನ್ನಿನ ವೆಸ್ಟ್ ಮಿಡ್ಲ್‌ಸೆಕ್ಸ್ ಆಸ್ಪತ್ರೆಯು ಪಕ್ಕದ ಬಡವರ ಆಶ್ರಯಾಲಯದ ಚಿಕಿತ್ಸಾಲಯವನ್ನು ವಹಿಸಿಕೊಂಡ ಮೇಲೆ ನಡೆದ ಕೆಲಸ. ಅಲ್ಲಿ 700ಕ್ಕೂ ಹೆಚ್ಚು ಮಂದಿಯ ಪೈಕಿ ಅನೇಕರು ಸರಿಯಾದ ರೋಗನಿರ್ಣಯವೇ ಇಲ್ಲದೆ, 'ವಾಸಿಯಾಗದವರು' ಎಂಬ ಹಣೆಪಟ್ಟಿ ಹೊತ್ತು ಹಾಸಿಗೆ ಹಿಡಿದಿದ್ದರು.

ವಾರೆನ್ ಒಬ್ಬೊಬ್ಬರನ್ನೂ ಕೂಲಂಕಷವಾಗಿ ಪರೀಕ್ಷಿಸಿ, ಅವರವರ ಸ್ಥಿತಿಗೆ ತಕ್ಕಂತೆ ಗುಂಪು ಮಾಡಿದರು. ಗೋಡೆಗೆ ಹೊಸ ಬಣ್ಣ ಬಂತು, ಬೆಳಕು ಹೆಚ್ಚಿತು, ಹಿಡಿದು ನಡೆಯಲು ಕಂಬಿಗಳು ಬಂದವು. ಪಾರ್ಶ್ವವಾಯುವಾದವರನ್ನು ಮಲಗಿಸಿಯೇ ಇಡುವ ಬದಲು ಎಬ್ಬಿಸಿ, ನಿಲ್ಲಿಸಿ, ನಡೆಸುವುದೇ ಚಿಕಿತ್ಸೆಯಾಯಿತು. ಇದು ಬರಿಯ ಕರುಣೆಯಲ್ಲ, ಶುದ್ಧ ವೈದ್ಯಕೀಯ ತರ್ಕ ಎಂಬುದನ್ನು ಒತ್ತಿ ಹೇಳಬೇಕು: ದೀರ್ಘಕಾಲ ಮಲಗಿದ ದೇಹದಲ್ಲಿ ಸ್ನಾಯು ಕರಗುತ್ತದೆ, ಕೀಲು ಬಿಗಿಯುತ್ತದೆ, ಬೆನ್ನಿನಲ್ಲಿ ಹುಣ್ಣಾಗುತ್ತದೆ, ಅದನ್ನೆಲ್ಲ ನಾವು ಮುಪ್ಪಿನ ತಲೆಗೆ ಕಟ್ಟುತ್ತೇವೆ. ಹೀಗೆ ವರ್ಷಗಟ್ಟಲೆ ಮಲಗಿದ್ದ ಎಷ್ಟೋ ಮಂದಿ ಮನೆಗೆ ಮರಳಿದರು.

1943 ಮತ್ತು 1946ರ ಲೇಖನಗಳಲ್ಲಿ ಅವರು, ವೃದ್ಧರಿಗಾಗಿ ಸಾಮಾನ್ಯ ಆಸ್ಪತ್ರೆಯೊಳಗೇ ಪ್ರತ್ಯೇಕ ವಿಭಾಗವಿರಬೇಕು, ವೈದ್ಯಕೀಯ ವಿದ್ಯಾರ್ಥಿಗಳು ಅಲ್ಲಿ ಕಲಿಯಬೇಕು ಎಂದು ವಾದಿಸಿದರು. ದೀರ್ಘಕಾಲದ ಆರೈಕೆಗೆ ಕಳುಹಿಸುವ ಮುನ್ನ ವೈದ್ಯರು, ದಾದಿಯರು, ಫಿಸಿಯೋಥೆರಪಿಸ್ಟ್‌ಗಳು, ಸಮಾಜಕಾರ್ಯಕರ್ತರು ಕೂಡಿ ನಡೆಸುವ ಇಂದಿನ ಸಮಗ್ರ ಮೌಲ್ಯಮಾಪನದ ಬೇರು ಇರುವುದು ಆ ವಾರ್ಡುಗಳಲ್ಲೇ.