ಎಂಟು ದಿನದಲ್ಲಿ ಮುಗಿಸಿದ್ದ ಕಾದಂಬರಿಗೆ ಎರಡನೆಯ ಸಲ ಎರಡು ತಿಂಗಳು ಹಿಡಿಯಿತು

ನೀವು ಕೇಳಿರುವುದು ಇಷ್ಟು: ಕಾಲೇಜಿನ ದಿನಗಳಲ್ಲಿ ಓದಿದ ದೊಡ್ಡ ಕಾದಂಬರಿಯೊಂದನ್ನು ಐವತ್ತು ದಾಟಿದ ಮೇಲೆ ಮತ್ತೆ ಓದಿದವರು ಇದ್ದೀರಾ? ಕತೆ ಮೊದಲೇ ಗೊತ್ತಿರುವಾಗ ಅದರಲ್ಲಿ ಸಿಗುವುದೇನು? ಓದದ ಪುಸ್ತಕಗಳೇ ರಾಶಿ ಬಿದ್ದಿರುವಾಗ ಇದು ದಂಡದ ಕೆಲಸವಲ್ಲವೇ?

ಇದ್ದೇನೆ. ನಾನು ಮತ್ತೆ ಓದಿದ್ದು ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’. ಮೊದಲ ಸಲ 1986ರಲ್ಲಿ, ನನಗೆ ಇಪ್ಪತ್ತು ತುಂಬಿದಾಗ. ಎರಡನೆಯ ಸಲ 2022ರ ಮಳೆಗಾಲದಲ್ಲಿ, ಐವತ್ತಾರರಲ್ಲಿ. ದಂಡವೋ ಅಲ್ಲವೋ ಎಂಬುದನ್ನು ನೀವೇ ಹೇಳಿ. ನಡೆದದ್ದನ್ನು ನಾನು ಹೇಳುತ್ತೇನೆ.

ಆ ಪುಸ್ತಕ ನನಗೆ ಕಾಲೇಜಿನ ಪ್ರಬಂಧ ಸ್ಪರ್ಧೆಯಲ್ಲಿ ಬಹುಮಾನವಾಗಿ ಬಂದದ್ದು. ಮೊದಲ ಪುಟದಲ್ಲಿ ಪ್ರಾಂಶುಪಾಲರ ಸಹಿ, ನೇರಳೆ ಬಣ್ಣದ ಮೊಹರು. ಗೆದ್ದ ಪುಸ್ತಕವನ್ನು ಓದದೆ ಇಡುವುದು ಅವಮಾನವೆಂದು ಎಂಟು ದಿನ ಹಟ ಹಿಡಿದು ಓದಿ ಮುಗಿಸಿದೆ. ಸುಳ್ಳೇಕೆ ಹೇಳಲಿ, ಮುಗಿಸಿದೆ ಎನ್ನುವುದಕ್ಕಿಂತ ಹಾರಿಸಿದೆ ಎನ್ನಬೇಕು. ಹೂವಳ್ಳಿಯ ಚಿನ್ನಮ್ಮ, ಇಷ್ಟವಿಲ್ಲದ ಮದುವೆಯನ್ನು ತಪ್ಪಿಸಿಕೊಳ್ಳಲು ರಾತ್ರಿಯಲ್ಲಿ ಮನೆ ಬಿಟ್ಟು ಕಾಡಿಗೆ ಓಡುತ್ತಾಳಲ್ಲ, ನನಗೆ ಬೇಕಾಗಿದ್ದದ್ದು ಅದೊಂದೇ. ಅವಳೂ ಅವಳು ಮೆಚ್ಚಿದ ಮುಕುಂದಯ್ಯನೂ ಇರುವ ಪುಟಗಳನ್ನು ಹುಡುಕಿ ಹುಡುಕಿ ಓದಿದೆ. ಉಳಿದದ್ದೆಲ್ಲ ನನ್ನ ಪಾಲಿಗೆ ಮಳೆ, ಮರ, ಜಗುಲಿ, ಎಲೆಯಡಿಕೆ.

ನಾನು ತಿಪಟೂರಿನ ಕಡೆಯವಳು. ನಮ್ಮದು ತೆಂಗು, ಕೊಬ್ಬರಿ, ಒಣ ಗಾಳಿಯ ಸೀಮೆ. ಮಳೆ ಬಂದರೆ ಅರ್ಧ ಗಂಟೆ, ಆಮೇಲೆ ಮಣ್ಣಿನ ವಾಸನೆ, ಅಲ್ಲಿಗೆ ಮುಗಿಯಿತು. ದಿನಗಟ್ಟಲೆ ಬಿಡದೆ ಸುರಿಯುವ ಮಳೆಯನ್ನು ಒಬ್ಬ ಲೇಖಕ ಪುಟಗಟ್ಟಲೆ ಬರೆದರೆ, ಇವರಿಗೆ ಬೇರೆ ಕೆಲಸವಿಲ್ಲವೇ ಎಂದು ನಗು ಬರುತ್ತಿತ್ತು. ಗೊರಬು ಎಂದರೆ ಏನು, ಹಳು ಎಂದರೆ ಏನು, ಉಂಬಳ ಕಚ್ಚಿದರೆ ಏನಾಗುತ್ತದೆ, ಒಂದೂ ತಿಳಿಯದು. ಕೇಳುವ ಕುತೂಹಲವೂ ಇರಲಿಲ್ಲ.

ಆಮೇಲೆ ಪುಸ್ತಕ ಊರಿನ ಮನೆಯಲ್ಲೇ ಉಳಿಯಿತು. ಏಳುನೂರಕ್ಕೂ ಹೆಚ್ಚು ಪುಟದ ಭಾರವನ್ನು ಅಮ್ಮ ದಂಡ ಮಾಡಲಿಲ್ಲ. ತೊಳೆದು ಮಡಿಸಿದ ಜರಿ ಸೀರೆಯ ಮಡಿಕೆ ಕೂರಲೆಂದು ಪುಸ್ತಕವನ್ನು ಅದರ ಮೇಲೆ ಹೇರುತ್ತಿದ್ದಳು. ಮೂವತ್ತೈದು ವರ್ಷ ಆ ಕಾದಂಬರಿ ನಮ್ಮ ಮನೆಯಲ್ಲಿ ಮಾಡಿದ ಕೆಲಸ ಅದೇ.

ನಡುವೆ ಒಮ್ಮೆ ಅದು ನನ್ನನ್ನು ಕರೆದದ್ದುಂಟು. 2013ರಲ್ಲಿ ಬೆಂಗಳೂರಿನ ಕಲಾಗ್ರಾಮದಲ್ಲಿ ಅದರ ರಂಗರೂಪ ನೋಡಿದೆ. ಕೆ.ವೈ. ನಾರಾಯಣಸ್ವಾಮಿ ಅವರ ರಂಗಪಠ್ಯ, ಸಿ. ಬಸವಲಿಂಗಯ್ಯ ಅವರ ನಿರ್ದೇಶನ. ಮೊದಲು ಮೈಸೂರಿನ ರಂಗಾಯಣದಲ್ಲಿ 2010ರಲ್ಲಿ ಆಗಿದ್ದದ್ದು. ರಾತ್ರಿಯಿಡೀ, ಸುಮಾರು ಒಂಬತ್ತು ಗಂಟೆಯ ನಾಟಕ. ಒಂದು ರಂಗಸ್ಥಳದಿಂದ ಇನ್ನೊಂದಕ್ಕೆ ಪ್ರೇಕ್ಷಕರೇ ಎದ್ದು ನಡೆಯಬೇಕು. ಶಾಲು ಹೊದ್ದು, ಚಾಪೆ ಸುತ್ತಿಕೊಂಡು, ನಿದ್ದೆಗಣ್ಣಿನಲ್ಲಿ ಜನ ಒಬ್ಬರ ಹಿಂದೆ ಒಬ್ಬರು ಕತ್ತಲಲ್ಲಿ ಸಾಗುವುದನ್ನು ನೋಡಿ, ನಾವೂ ಆ ಕತೆಯ ಮಂದಿಯೇ ಆಗಿಬಿಟ್ಟೆವೇನೋ ಎನ್ನಿಸಿತ್ತು. ಊರಿಗೆ ಹೋದೊಡನೆ ಪುಸ್ತಕ ತೆಗೆಯಬೇಕು ಎಂದುಕೊಂಡೆ. ತೆಗೆಯಲಿಲ್ಲ. ಶಾಲೆಯ ಕೆಲಸ, ಮಗಳ ಪರೀಕ್ಷೆ, ನಿಮಗೆ ಗೊತ್ತಿರುವ ನೆಪಗಳೇ.

2021ರಲ್ಲಿ ಅಪ್ಪ ತೀರಿಕೊಂಡರು. ಮರುವರ್ಷ ಜೂನಿನಲ್ಲಿ ಅಮ್ಮನ ಜೊತೆ ಇರಲೆಂದು ಎರಡು ತಿಂಗಳು ರಜೆ ಹಾಕಿ ಹೋದೆ. ಒಂದು ಮಧ್ಯಾಹ್ನ ಟ್ರಂಕು ತೆಗೆದಾಗ ಸೀರೆಗಳ ನಡುವೆ ಪುಸ್ತಕ, ಪುಸ್ತಕದೊಳಗೆ ನಾಲ್ಕಾಗಿ ಮಡಿಸಿದ ಒಂದು ಹಾಳೆ.

ಆ ಹಾಳೆಯನ್ನು ನಾನು ಮರೆತೇಬಿಟ್ಟಿದ್ದೆ. ಹೆಸರುಗಳು ಗೋಜಲಾಗುತ್ತಿವೆಯೆಂದು ಇಪ್ಪತ್ತರ ನಾನು ಮಾಡಿಕೊಂಡಿದ್ದ ಪಟ್ಟಿ ಅದು. ಇಂಕ್ ಪೆನ್ನಿನಲ್ಲಿ ಬರೆದ ದುಂಡಗಿನ ಅಕ್ಷರ. ಮೇಲೆ ಸಾಲಾಗಿ ಹಳೆಮನೆ, ಸಿಂಬಾವಿ, ಕೋಣೂರು, ಬೆಟ್ಟಳ್ಳಿ, ಹೂವಳ್ಳಿ. ಒಂದೊಂದು ಮನೆಯ ಕೆಳಗೂ ಹೆಗ್ಗಡೆ, ಗೌಡ, ನಾಯಕರ ಹೆಸರು, ಅವರ ಹೆಂಡಿರು, ಮಕ್ಕಳು, ಯಾರಿಗೆ ಯಾರು ಅಣ್ಣ, ಯಾರಿಗೆ ಯಾರು ಭಾವ, ಎಲ್ಲಕ್ಕೂ ಗೆರೆ ಎಳೆದು ತೋರಿಸಿದ್ದೆ. ಅಡಿಯಲ್ಲಿ ಉಳಿದ ಜಾಗದಲ್ಲಿ ಒಂದೇ ಪದ: ‘ಆಳುಗಳು’. ಅದರ ಮುಂದೆ ಒಂದು ಬಾಣದ ಗುರುತು. ಬಾಣದ ತುದಿಯಲ್ಲಿ ಏನೂ ಇಲ್ಲ.

ಪುಸ್ತಕ ತೆರೆದೆ. ಆರಂಭಕ್ಕೆ ಮುನ್ನ ಕುವೆಂಪು ಬರೆದಿರುವ ಮಾತು ನೀವೂ ಎಲ್ಲಾದರೂ ಓದಿರುತ್ತೀರಿ, ‘ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ’ ಎಂದು. ಆ ಸಾಲಿನ ಕೆಳಗೆ ನಾನೇ ಗೆರೆ ಎಳೆದಿದ್ದೆ. ಗೆರೆ ಎಳೆದ ಕೈಯೇ ಆ ಪಟ್ಟಿಯನ್ನೂ ಬರೆದಿತ್ತು. ಕಾದಂಬರಿ ಶುರುವಾಗುವುದು ಯಾರಿಂದ ಗೊತ್ತೇ? ಯಾವ ಹೆಗ್ಗಡೆಯಿಂದಲೂ ಅಲ್ಲ, ಸಿಂಬಾವಿಯ ಜೀತದಾಳು ಗುತ್ತಿಯಿಂದ. ಯಾವಾಗಲೂ ಅವನ ಹಿಂದೆ ಹುಲಿಯ ಎಂಬ ನಾಯಿ ಇರುವುದರಿಂದ ಊರವರು ಅವನನ್ನು ನಾಯಿಗುತ್ತಿ ಎನ್ನುತ್ತಾರೆ. ಕತೆಯ ಬಾಗಿಲು ತೆರೆಯುವವನನ್ನೇ ನಾನು ಖಾಲಿ ಬಾಣದ ತುದಿಗೆ ತಳ್ಳಿದ್ದೆ.

ಒಪ್ಪುತ್ತೇನೆ, ಮುಖ ಬೆಚ್ಚಗಾಯಿತು.

ಹೀಗೆ ಎರಡನೆಯ ಓದು ಶುರುವಾಯಿತು. ಈ ಸಲ ನಾನು ಗುತ್ತಿಯ ಹಿಂದೆ ನಡೆದೆ. ಬೆಟ್ಟಳ್ಳಿಯ ತಿಮ್ಮಿಯನ್ನು ಅವನು ಕದ್ದು ಕರೆತರುತ್ತಾನೆ. ಏಕೆ ಕದಿಯಬೇಕು? ಅವಳಿಗೆ ಒಪ್ಪಿಗೆ ಇದೆ, ಅವನಿಗೆ ಇದೆ. ಆದರೆ ಅವಳು ಯಾರಿಗೆ ಹೆಂಡತಿಯಾಗಬೇಕೆಂಬ ಮಾತು ಒಡೆಯರದ್ದು. ಒಂದು ಮನೆಯ ಆಳು ಇನ್ನೊಂದು ಮನೆಗೆ ಹೋದರೆ ಎರಡು ದುಡಿಯುವ ಕೈ ಆ ಮನೆಯಿಂದ ಈ ಮನೆಗೆ ಹೋದಂತೆ. ಚಿನ್ನಮ್ಮ ಓಡಿದಾಗ ನನಗೆ ಎದೆ ಹೊಡೆದುಕೊಂಡಿತ್ತು, ತಿಮ್ಮಿ ಓಡಿದಾಗ ಪುಟ ಮಗುಚಿದ್ದೆ. ಇಬ್ಬರೂ ಅದೇ ಮಲೆಯ ಅದೇ ಕತ್ತಲಲ್ಲಿ ಓಡುತ್ತಾರೆ. ಚಿನ್ನಮ್ಮನ ಓಟಕ್ಕೆ ದಾರಿ ಮಾಡಿಕೊಡುವವರೂ ಐತ ಮತ್ತು ಪೀಂಚಲು, ಘಟ್ಟದ ಕೆಳಗಿನಿಂದ ದುಡಿಯಲು ಬಂದ ಎಳೆಯ ಗಂಡಹೆಂಡಿರು. ಮದುಮಗಳು ಯಾರು ಎಂದು ಈಗ ಯಾರಾದರೂ ಕೇಳಿದರೆ ನನ್ನ ಬಳಿ ಥಟ್ಟನೆ ಉತ್ತರವಿಲ್ಲ. 1986ರಲ್ಲಿ ಇತ್ತು.

ಇನ್ನೊಂದು ಲೆಕ್ಕ ಈ ಸಲ ಕಣ್ಣಿಗೆ ಬಿತ್ತು. ಕುವೆಂಪು ಹುಟ್ಟಿದ್ದು 1904ರ ಡಿಸೆಂಬರ್ ಕೊನೆಗೆ. ಅವರ ಮೊದಲ ದೊಡ್ಡ ಕಾದಂಬರಿ ‘ಕಾನೂರು ಹೆಗ್ಗಡಿತಿ’ ಬಂದಾಗ ಅವರಿನ್ನೂ ಮೂವತ್ತರ ಆಸುಪಾಸಿನವರು. ಈ ಎರಡನೆಯದು ಬಂದದ್ದು 1967ರಲ್ಲಿ, ಆಗ ಅರವತ್ತೆರಡು. ನಡುವೆ ಮೂವತ್ತು ವರ್ಷ. ಅರವತ್ತು ದಾಟಿದ ಮನುಷ್ಯ ತನ್ನ ಹೆಜ್ಜೆಯಲ್ಲಿ ಬರೆದದ್ದನ್ನು ನಾನು ಇಪ್ಪತ್ತರ ಹೆಜ್ಜೆಯಲ್ಲಿ ಓದಿದ್ದೆ; ಮೊಮ್ಮಗಳು ಅಜ್ಜನ ಕೈ ಹಿಡಿದು ಎಳೆದ ಹಾಗೆ. ‘ಇಲ್ಲಿ ಅವಸರವೂ ಸಾವಧಾನದ ಬೆನ್ನೇರಿದೆ’ ಎಂದು ಅವರು ಮೊದಲೇ ಎಚ್ಚರಿಸಿದ್ದಾರೆ, ಪಾಪ. ಅವರ ಆ ವಯಸ್ಸಿಗೂ ನನಗೂ ಈ ಓದಿನ ಹೊತ್ತಿಗೆ ಅಂತರ ಆರೇ ವರ್ಷ. ಮಳೆಯ ಪುಟಗಳು ಈಗ ಉದ್ದ ಎನಿಸಲಿಲ್ಲ. ಒಮ್ಮೆ ಮಕ್ಕಳನ್ನು ಪ್ರವಾಸಕ್ಕೆಂದು ಕುಪ್ಪಳಿಗೆ ಕರೆದೊಯ್ದಿದ್ದಾಗ ಆ ಮಳೆಯಲ್ಲಿ ನಾನೇ ಸಿಕ್ಕಿಬಿದ್ದಿದ್ದೆ. ಕವಿಮನೆಯ ಜಗುಲಿಯಲ್ಲಿ ನಿಂತು, ಎದುರಿನ ಗುಡ್ಡ ನೋಡನೋಡುತ್ತಲೇ ಮಾಯವಾದದ್ದನ್ನು ಕಂಡಿದ್ದೆ. ಅದೂ ನೆರವಾಗಿರಬಹುದು.

ಈಗ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲೇ ಬರುವ ಹೆಗ್ಗಡಿತಿಯೊಬ್ಬಳ ವಿಷಯ. ನಿಮ್ಮ ‘ಏನು ಸಿಗುತ್ತದೆ’ ಎಂಬ ಪ್ರಶ್ನೆಗೆ ನನ್ನ ಉತ್ತರ ಇರುವುದು ಇಲ್ಲೇ.

ಕಾದಂಬರಿಯಲ್ಲಿ ಒಬ್ಬ ಹೆಂಗಸು ಇದ್ದಾಳೆ. ಗಂಡ ತಿರುಪತಿ ಯಾತ್ರೆಗೆ ಹೋದವನು ಮರಳಲಿಲ್ಲ. ಸತ್ತನೆಂದು ಉಳಿದವರು ಒಪ್ಪಿಕೊಂಡಿದ್ದಾರೆ; ಇವಳು ಒಪ್ಪಿಲ್ಲ. ಕಾಯುತ್ತಾಳೆ. ಊರಿನ ಬಾಯಲ್ಲಿ ಅವಳು ಹುಚ್ಚು ಹೆಗ್ಗಡಿತಿ. ಧರ್ಮು ಎಂಬ ಮಗನಿದ್ದಾನೆ. ನನ್ನ ಹಳೆಯ ಪಟ್ಟಿಯಲ್ಲಿ ಅವಳ ಹೆಸರಿನ ಪಕ್ಕ ಆವರಣದೊಳಗೆ ‘ಹುಚ್ಚಿ’ ಎಂದು ಬರೆದು ಮುಗಿಸಿದ್ದೆ.

ನಮ್ಮಪ್ಪ ತಿಪಟೂರಿನಲ್ಲಿ ಕೊಬ್ಬರಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದವರು. ರಾತ್ರಿ ಒಂಬತ್ತೂವರೆಯ ಕೊನೆಯ ಬಸ್ಸಿಗೆ ಊರಿಗೆ ಬರುತ್ತಿದ್ದರು. ಆ ರಜೆಯಲ್ಲಿ ನಾನು ಒಂದು ಸಂಗತಿ ಗಮನಿಸಿದೆ. ಅಮ್ಮ ಎಂಟಕ್ಕೆ ಉಂಡು, ದೀಪ ಸಣ್ಣದು ಮಾಡಿ ಮಲಗುತ್ತಾಳೆ, ಆದರೆ ಮುಂಬಾಗಿಲ ಅಗುಳಿ ಹಾಕುವುದಿಲ್ಲ. ಬಸ್ಸು ಬಂದು, ನಿಂತು, ಮುಂದೆ ಹೋದ ಸದ್ದು ಕೇಳಿದ ಮೇಲೆ, ಐದು ನಿಮಿಷ ಬಿಟ್ಟು ಎದ್ದು ಹಾಕುತ್ತಾಳೆ. ನಿಲ್ದಾಣದಿಂದ ಮನೆಗೆ ಐದೇ ನಿಮಿಷದ ದಾರಿ. ಅಮ್ಮನಿಗೆ ಯಾವ ಮರೆವೂ ಇಲ್ಲ. ತಿಥಿಯ ದಿನ ಎಷ್ಟು ಜನ ಉಂಡರು, ಎಷ್ಟು ಸೇರು ಅಕ್ಕಿ ಬಿತ್ತು ಎಲ್ಲವೂ ನೆನಪಿದೆ. ‘ಅಗುಳಿ ಹಾಕಿ ಮಲಗಬಾರದೇ’ ಎಂದೆ. ‘ಬೆಕ್ಕು ಹೊರಗಿದೆ’ ಎಂದಳು. ಬೆಕ್ಕು ಒಲೆಯ ಪಕ್ಕದಲ್ಲಿ ಮಲಗಿತ್ತು.

ಆ ರಾತ್ರಿಗಳಲ್ಲಿ ನಾನು ಹೆಗ್ಗಡಿತಿಯ ಪುಟಗಳನ್ನು ಓದುತ್ತಿದ್ದೆ. ಅವುಗಳಲ್ಲಿ ಒಂದು ದಿನಕ್ಕೆ ನಾಲ್ಕೈದು ಪುಟಕ್ಕಿಂತ ಹೆಚ್ಚು ಮುಂದೆ ಹೋಗಲಾಗಲಿಲ್ಲ. ಎರಡು ತಿಂಗಳು ಹಿಡಿದದ್ದು ಹೀಗೆ.

ಎಲ್ಲವೂ ಈಗ ಚೆಂದ ಕಂಡಿತು ಎಂದರೆ ನಂಬಬೇಡಿ. ಪಾದ್ರಿಯೂ ದೇವಯ್ಯನೂ ಬರುವ ಮತಾಂತರದ ಭಾಗ ಆಗಲೂ ನನಗೆ ಪೂರ್ತಿ ಒಗ್ಗಿರಲಿಲ್ಲ, ಈಗಲೂ ಒಗ್ಗಲಿಲ್ಲ. ಉಳಿದವರಿಗೆಲ್ಲ ಕೊಟ್ಟ ತಾಳ್ಮೆಯನ್ನು ಕುವೆಂಪು ಆ ಪಾದ್ರಿಗೆ ಕೊಟ್ಟಿಲ್ಲ ಎನ್ನುವುದು ನನ್ನ ತಕರಾರು. ಆದರೆ ಅದೇ ಪಾದ್ರಿಯ ಬೈಸಿಕಲ್ಲು ಹಳ್ಳಿಗರ ಬಾಯಲ್ಲಿ ‘ಬೀಸೆಕಲ್ಲು’ ಆಗುವುದನ್ನು ಓದಿ ಒಬ್ಬಳೇ ನಕ್ಕೆ. ಎಷ್ಟು ಜೋರಾಗಿ ಎಂದರೆ ಅಮ್ಮ ಅಡುಗೆಮನೆಯಿಂದ ಬಂದು ನೋಡಿದಳು. ಓದಿ ಹೇಳಿದೆ. ‘ಸರಿಯಾಗೇ ಇದೆಯಲ್ಲ, ಎರಡೂ ಗುಂಡಗೆ ತಿರುಗುತ್ತವೆ’ ಎಂದಳು. ಇನ್ನು, ಕತೆಯ ನಡುವೆ ವಿವೇಕಾನಂದರ, ಷಿಕಾಗೊದ ಪ್ರಸ್ತಾಪ ಬರುತ್ತದೆ. ಆಗ ಅದು ತೇಪೆ ಹಚ್ಚಿದಂತೆ ಕಂಡಿತ್ತು. ಈಗ ಹಾಗೆ ಕಾಣಲಿಲ್ಲ, ಆದರೂ ಮನಸ್ಸಿಗೆ ಪೂರ್ತಿ ಕೂತಿದೆ ಎನ್ನಲಾರೆ.

ಹುಲಿಯನ ಸಾವನ್ನು ಮಾತ್ರ ಎರಡು ಸಲವೂ ಅತ್ತುಕೊಂಡೇ ಓದಿದೆ. ಕೊನೆಯ ಪುಟಗಳ ಹತ್ತಿರ, ಗುತ್ತಿಯೂ ತಿಮ್ಮಿಯೂ ದಾಟಿಹೋಗುವಾಗ, ತುಂಬಿದ ತುಂಗೆಯಲ್ಲಿ ಆ ನಾಯಿ ಕೊಚ್ಚಿಹೋಗುತ್ತದೆ. ಇಪ್ಪತ್ತರಲ್ಲಿ ಅತ್ತದ್ದು ನಾಯಿಗಾಗಿ. ಈ ಸಲ ಗುತ್ತಿಗಾಗಿ. ಅವನಿಗೆ ತನ್ನದು ಎನ್ನಲು ಹೊಲವಿಲ್ಲ, ಮನೆಯಿಲ್ಲ, ದುಡಿಯುವ ಮೈಯೂ ಇನ್ನೊಬ್ಬರ ಲೆಕ್ಕದಲ್ಲಿದೆ. ಯಾರನ್ನೂ ಕೇಳದೆ ಅವನದಾಗಿದ್ದದ್ದು ಆ ನಾಯಿ ಒಂದೇ. ಹೆಸರಿಗೂ ಅದೇ ಅಂಟಿಕೊಂಡಿತ್ತು.

ಇನ್ನು ನಿಮ್ಮ ಮೂರನೆಯ ಪ್ರಶ್ನೆ. ಓದದ ಪುಸ್ತಕಗಳ ರಾಶಿ ನನ್ನ ಮನೆಯಲ್ಲೂ ಇದೆ, ಅದು ಕರಗುವ ಆಸೆಯನ್ನು ಬಿಟ್ಟಿದ್ದೇನೆ. ಎಲ್ಲ ಹಳೆಯ ಪುಸ್ತಕವೂ ಹೀಗೆ ಒದಗುವುದಿಲ್ಲ ಎಂಬುದನ್ನೂ ಹೇಳಬೇಕು. ಕಾಲೇಜಿನಲ್ಲಿ ದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಿದ್ದ ಇನ್ನೊಂದು ಕಾದಂಬರಿಯನ್ನು ಇದರ ಉತ್ಸಾಹದಲ್ಲೇ ತೆಗೆದೆ. ಮೂವತ್ತನೆಯ ಪುಟದಲ್ಲಿ ಮುಚ್ಚಿದೆ. ಹೆಸರು ಹೇಳುವುದಿಲ್ಲ, ಒಂದು ಕಾಲದ ಗೆಳೆತನದ ಮರ್ಯಾದೆ ಎಂದಿಟ್ಟುಕೊಳ್ಳಿ. ನೀವು ಶುರು ಮಾಡುವುದಾದರೆ ಹಳೆಯ ಪ್ರತಿಯೇ ಸಿಗುತ್ತದೆಯೇ ನೋಡಿ. ಅಂಚಿನಲ್ಲಿ, ಮಡಿಸಿದ ಮೂಲೆಯಲ್ಲಿ, ಒಳಗಿಟ್ಟ ಬಸ್ ಟಿಕೆಟಿನಲ್ಲಿ ಆಗ ಎಲ್ಲಿ ನಿಂತಿದ್ದಿರಿ, ಎಲ್ಲಿ ಹಾರಿದಿರಿ ಎಂಬುದು ಸಿಕ್ಕಿಬೀಳುತ್ತದೆ. ಅವಸರಕ್ಕೆ ಮಾತ್ರ ಓದಬೇಡಿ.

ನಾನೀಗ ಹೊಸ ಹಾಳೆಯಲ್ಲಿ ಪಟ್ಟಿ ಮಾಡುತ್ತಿದ್ದೇನೆ. ಮನೆಗಳ ಲೆಕ್ಕ ಬಿಟ್ಟು, ಕತೆಯಲ್ಲಿ ಬಂದ ಸರದಿಯಲ್ಲೇ ಹೆಸರುಗಳನ್ನು ಬರೆಯುತ್ತಾ ಹೋಗಿದ್ದೇನೆ. ಗುತ್ತಿಯ ಪಕ್ಕದಲ್ಲೇ ಹುಲಿಯ. ಹೆಗ್ಗಡಿತಿಯ ಹೆಸರಿನ ಪಕ್ಕ ಈ ಸಲ ಆವರಣ ಹಾಕಿಲ್ಲ. ಬೀಸೆಕಲ್ಲನ್ನು ಎಲ್ಲಿ ಸೇರಿಸುವುದು ಎಂಬುದೊಂದು ಇನ್ನೂ ತೀರ್ಮಾನವಾಗಿಲ್ಲ.