‘ಮನೇಲಿರಿ, ಕರೀತೇವೆ’ ಅಂದಮೇಲೆ

ಹೆಸರು, ಊರು, ಕೆಲಸದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಗಂಡ ಹೆಂಡತಿ ಇಬ್ಬರೂ ಒಪ್ಪಿದ ಮೇಲೆಯೇ ಬರೆಯುತ್ತಿದ್ದೇನೆ.

ಅವರನ್ನು ಗಣಪತಿ ಅನ್ನೋಣ. ವಯಸ್ಸು ನಲವತ್ತರ ಆಸುಪಾಸು, ಅಂಕೋಲಾ ಕಡೆಯವರು. ಕಾರವಾರದ ಹತ್ತಿರದ ಒಂದು ಕಾರ್ಖಾನೆಯಲ್ಲಿ ಮೆಷಿನ್ ಆಪರೇಟರ್, 11 ವರ್ಷದ ಸರ್ವಿಸ್. ಆಪ್ತ ಸಮಾಲೋಚನೆಗೆಂದು ನನ್ನ ಹತ್ತಿರ ಅವರನ್ನು ಕರೆತಂದದ್ದು ಹೆಂಡತಿ. ಕೂತವರೇ ಆಕೆ ಹೇಳಿದ್ದು ಇಷ್ಟು: “ಅಕ್ಕೋರೆ, ಇವ್ರನ್ನ ಕೆಲಸದಿಂದ ತೆಗೆದಿದ್ದಾರೆ. ನಂಗೆ ಹೇಳೇ ಇಲ್ಲ. ಕಳ್ಳತನ ಗಿಳ್ಳತನ ಏನಾದ್ರೂ ಮಾಡಿದ್ರಾ ಅಂತ ನೀವಾದ್ರೂ ಕೇಳಿ.”

ಆಕೆಗೆ ಅನುಮಾನ ಬಂದದ್ದು ಬಟ್ಟೆ ಒಗೆಯುವಾಗ. ಇಷ್ಟು ವರ್ಷ ಯೂನಿಫಾರ್ಮಿನ ತೋಳಿನ ಗ್ರೀಸ್ ಕಲೆಯನ್ನು ಬ್ರಷ್ ಹಾಕಿ ತಿಕ್ಕಿದವರು. ಈಗ ಎರಡು ವಾರದಿಂದ ಕಲೆಯೇ ಇಲ್ಲ. ಬೆವರಿನ ವಾಸನೆ ಮಾತ್ರ. ಗಣಪತಿ ಮಾತ್ರ ದಿನಾ ಬೆಳಿಗ್ಗೆ ಟಿಫಿನ್ ಹಿಡಿದು ಅದೇ ಬಸ್ಸು ಹತ್ತುತ್ತಿದ್ದರು. ಕಾರವಾರದಲ್ಲಿ ಇಳಿದು ಬಸ್ ಸ್ಟ್ಯಾಂಡ್, ಬೀಚು, ಲೈಬ್ರರಿ ಸುತ್ತಿ ಸಂಜೆ ವಾಪಸ್.

ಕಂಪನಿಯವರು ಕೊಟ್ಟ ಕಾಗದ ಎಲ್ಲಿ ಎಂದು ಕೇಳಿದೆ. ಟಿಫಿನ್ ಚೀಲದ ತಳದಿಂದ ತೆಗೆದರು. ನಾಲ್ಕು ಮಡಿಕೆ, ಒಂದು ಮೂಲೆಗೆ ಸಾರಿನ ಎಣ್ಣೆ ಹತ್ತಿತ್ತು. ಇಂಗ್ಲಿಷಿನಲ್ಲಿತ್ತು. ಅವರು ಪೂರ್ತಿ ಓದಿರಲಿಲ್ಲ. “ಮನೇಲಿರಿ, ಕರೀತೇವೆ” ಎಂದು ಆಫೀಸಿನವರು ಹೇಳಿದ್ದಷ್ಟೇ ಕಿವಿಯಲ್ಲಿ ಉಳಿದಿತ್ತು. ಹಾಗೆ ಹೇಳಿ ಎಷ್ಟು ಜನರನ್ನು ಕಳಿಸಿಬಿಟ್ಟಿದ್ದಾರೆ, ನಾವೆಲ್ಲ ಕೇಳಿಲ್ವಾ? ಅದಕ್ಕೇ ಕೆಲಸ ಹೋಯಿತೆಂದೇ ತಿಳಿದಿದ್ದರು.

ಕಾಗದದಲ್ಲಿ ಇದ್ದದ್ದು ಬೇರೆ. ಕಚ್ಚಾ ಮಾಲು ಬಂದಿಲ್ಲ, ಅದಕ್ಕಾಗಿ ಲೇ ಆಫ್ ಎಂದಿತ್ತು. ಅಂದರೆ ಹೆಸರು ಹಾಜರಿ ಪಟ್ಟಿಯಲ್ಲೇ ಇದೆ, ಸದ್ಯ ಕೊಡಲು ಕೆಲಸ ಇಲ್ಲ. ವಜಾ ಮಾಡಬೇಕಾದರೆ ತಪ್ಪಿನ ಆರೋಪ ಹೊರಿಸಿ, ವಿಚಾರಣೆ ನಡೆಸಬೇಕು. ಆ ವಿಚಾರಣೆ ಮುಗಿಯುವವರೆಗೆ ಹೊರಗಿಡುವುದು ಅಮಾನತು. ಗಣಪತಿಯ ಮೇಲೆ ಯಾವ ಆರೋಪವೂ ಇರಲಿಲ್ಲ. ಇದನ್ನು ನಾನು ಹೇಳಿದ್ದು ಅವರಿಗಲ್ಲ, ಅವರ ಹೆಂಡತಿಗೆ. ಆ ಸಾಲನ್ನು ಬೆರಳಿಟ್ಟು ತೋರಿಸಿ ಕನ್ನಡದಲ್ಲಿ ಓದಿದೆ. ಆಕೆ ಇನ್ನೊಂದು ಸಲ ಓದಿಸಿದರು.

ಗಣಪತಿಯ ಅಪ್ಪ ಬೈತಕೋಲ್ ಬಂದರಿನಲ್ಲಿ ಬೋಟಿಗೆ ಹೋಗುತ್ತಿದ್ದವರು. ಈಗ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಆ 61 ದಿನ ಮನೆಯಲ್ಲಿ ಕೂತು ಬಲೆ ಹೊಲಿಯುವವನನ್ನು ನೋಡಿ ಯಾರೂ ‘ಏನು ತಪ್ಪು ಮಾಡಿದ’ ಎಂದು ಕೇಳುವುದಿಲ್ಲ. “ಅಪ್ಪ ಮಳೆಗಾಲದಲ್ಲಿ ಮನೇಲಿದ್ರೆ ನಿಮಗೆ ನಾಚಿಕೆ ಆಗ್ತಿತ್ತಾ?” ಎಂದೆ. ಮೊದಲ ಸಲ ಸ್ವಲ್ಪ ನಕ್ಕರು.

ಆಮೇಲೆ ಬಂತು ನೋಡಿ ಅಸಲು ಎಡವಟ್ಟು. ಕೆಲಸಗಾರ 50 ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಕಾರ್ಖಾನೆಯ ಹಾಜರಿ ಪಟ್ಟಿಯಲ್ಲಿದ್ದು, ಒಂದು ವರ್ಷ ಸತತವಾಗಿ ಕೆಲಸ ಮಾಡಿದ್ದರೆ, ಲೇ ಆಫ್ ದಿನಗಳಿಗೆ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಅರ್ಧ ಸಿಗಬೇಕು. ಬೇರೆಯವರ ಬದಲಿಗೆ ಬರುವವರಿಗೆ, ಆಗೊಮ್ಮೆ ಈಗೊಮ್ಮೆ ಕರೆಸುವ ಕ್ಯಾಶುವಲ್ ಕೆಲಸಗಾರರಿಗೆ ಇದಿಲ್ಲ. 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿ ಇದ್ದ ಈ ನಿಯಮವನ್ನು 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಇಟ್ಟುಕೊಂಡಿದ್ದಾರೆ. ಆದರೆ ಒಂದು ಷರತ್ತಿದೆ. ದಿನಕ್ಕೊಮ್ಮೆ ನಿಗದಿತ ಹೊತ್ತಿಗೆ ಕಾರ್ಖಾನೆಗೆ ಹೋಗಿ ಹಾಜರಿ ಕೊಡಬೇಕು. ಗಣಪತಿ ದಿನಾ ಮನೆ ಬಿಟ್ಟು ಕಾರವಾರಕ್ಕೆ ಬಂದದ್ದೇನೋ ಹೌದು, ಗೇಟಿಗೆ ಮಾತ್ರ ಹೋಗಿರಲಿಲ್ಲ!

ಹೆಂಡತಿ ಹಣೆ ಚಚ್ಚಿಕೊಂಡರು.

ಮರುದಿನದಿಂದಲೇ ಗೇಟಿಗೆ ಹೋಗಿ ಎಂದೆ. ಸೆಕ್ಯೂರಿಟಿ ರಿಜಿಸ್ಟರಿನಲ್ಲಿ ಸಹಿ ಹಾಕಿ. ಬೇಡ ಅಂದರೆ ಬಂದಿದ್ದೆ ಎಂದು ಒಂದು ಅರ್ಜಿ ಬರೆದು ಕೊಟ್ಟು, ನಕಲಿಗೆ ಸೀಲ್ ಹಾಕಿಸಿಕೊಳ್ಳಿ. ಇನ್ನೂ ಮುಖ್ಯವಾದದ್ದು ರಾಜೀನಾಮೆ. “ಬಂದು ಒಂದು ಸಹಿ ಹಾಕಿ ಹೋಗಿ, ದುಡ್ಡು ಬೇಗ ಸೆಟ್ಲ್ ಆಗ್ತದೆ” ಎಂದು ಕಂಪನಿಯಿಂದ ಫೋನ್ ಬಂದಿತ್ತಂತೆ. ಈ ಸಹಿ ಬೇಡವೇ ಬೇಡ. ಕಂಪನಿಯೇ ಜನ ಕಡಿಮೆ ಮಾಡಿದರೆ ಕನಿಷ್ಠ ಒಂದು ತಿಂಗಳ ನೋಟಿಸು ಅಥವಾ ಅದರ ಸಂಬಳ ಕೊಡಬೇಕು. ಮೇಲಿಂದ ವರ್ಷಕ್ಕೆ 15 ದಿನದ ಸಂಬಳದ ಲೆಕ್ಕದಲ್ಲಿ ಪರಿಹಾರ. 11 ವರ್ಷಕ್ಕೆ 165 ದಿನದ ದುಡ್ಡು. ತಾನಾಗಿ ಬಿಟ್ಟೆ ಎಂದು ಬರೆದುಕೊಟ್ಟರೆ ಇದಕ್ಕೆ ಎಳ್ಳುನೀರು. ಗ್ರಾಚುಟಿ, ಅಂದರೆ ಸರ್ವಿಸ್ ವರ್ಷಗಳಿಗೆ ಸಿಗುವ ಇಡುಗಂಟಿನ ಲೆಕ್ಕ ಬೇರೆ. ಐದು ವರ್ಷ ದಾಟಿರುವುದರಿಂದ ರಾಜೀನಾಮೆ ಕೊಟ್ಟರೂ ಅದು ಬರುತ್ತದೆ.

ವಕೀಲರಿಗೆ ದುಡ್ಡೆಲ್ಲಿ ಎಂದು ಆಕೆ ಕೇಳಿದರು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಕಾರ್ಖಾನೆ ಕಾರ್ಮಿಕರಿಗೆ ಉಚಿತ ಕಾನೂನು ನೆರವು ಸಿಗುತ್ತದೆ. ಮೊದಲು ಕಾರ್ಮಿಕ ಇಲಾಖೆಯ ಕಚೇರಿ, ಅಲ್ಲಿ ಆಗದಿದ್ದರೆ ಕಾರವಾರದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಎಂದು ಚೀಟಿಯಲ್ಲಿ ಬರೆದುಕೊಟ್ಟೆ.

ಕಾನೂನಿನ ಮಾತು ಇಷ್ಟೆಲ್ಲ ಆಡಿದ್ದು ಯಾಕೆಂದರೆ, ದುಡ್ಡಿನ ದಾರಿ ಕಾಣದೆ ಇಂಥವರಿಗೆ ನಿದ್ದೆ ಬರುವುದಿಲ್ಲ. ಬರೀ ‘ಧೈರ್ಯವಾಗಿರಿ’ ಅಂದರೆ ಏನೂ ಉಪಯೋಗವಿಲ್ಲ. ಆದರೂ ಒಂದು ಪ್ರಶ್ನೆಯನ್ನು ಹೆಂಡತಿಯನ್ನು ಹೊರಗೆ ಕೂರಿಸಿ ಕೇಳಿದೆ: “ಬದುಕಿರೋದೇ ಬೇಡ ಅನಿಸ್ತದಾ?” ತಲೆ ತಗ್ಗಿಸಿ, “ಒಂದೆರಡು ಸಲ ಅನಿಸ್ತು” ಎಂದರು. ಹೀಗೆ ನೇರವಾಗಿ ಕೇಳಿದರೆ ಆ ಯೋಚನೆ ಜಾಸ್ತಿಯಾಗುತ್ತದೆ ಎಂದು ಬಹಳ ಜನ ಹೆದರುತ್ತಾರೆ, ಹಾಗೇನಿಲ್ಲ. ಅವರ ಒಪ್ಪಿಗೆ ಪಡೆದು ಹೆಂಡತಿಗೂ ತಿಳಿಸಿದೆ. ಅದೇ ವಾರ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಲು ಕಳಿಸಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಅನ್ನು ಇಬ್ಬರ ಫೋನಿನಲ್ಲೂ ಸೇವ್ ಮಾಡಿಸಿದೆ. ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು, ಖರ್ಚಿಲ್ಲ.

ಮಗಳಿಗೆ ಹೇಳಬೇಕಾ ಬೇಡವಾ ಎಂದು ಇಬ್ಬರಿಗೂ ಜಗಳ. ಹೇಳಿ ಅಂದೆ. ಹತ್ತನೇ ಕ್ಲಾಸಿನ ಹುಡುಗಿ, ಮನೆಯಲ್ಲಿ ಏನೋ ಆಗಿದೆ ಎಂದು ಅವಳಿಗೆ ಯಾವಾಗಲೋ ಗೊತ್ತಾಗಿರುತ್ತದೆ.

ಈಗ ಗಣಪತಿ ಗೇಟಿಗೆ ಹೋಗಿ ಹಾಜರಿ ಕೊಟ್ಟ ದಿನಗಳಿಗೆ ಅರ್ಧ ಸಂಬಳ ಬಂದಿದೆ. ಮೊದಲ ಎರಡು ವಾರದ್ದು ಬಂದಿಲ್ಲ, ಬರುವುದು ಕಷ್ಟ. ಕಾರ್ಖಾನೆ ಪೂರ್ತಿ ಶುರುವಾಗಿಲ್ಲ. ರಾಜೀನಾಮೆಗೆ ಸಹಿ ಹಾಕಿಲ್ಲ. ನಿದ್ದೆ ಸುಧಾರಿಸಿದೆ. ಹೆಂಡತಿಯ ಸಿಟ್ಟು ಇಳಿದಿಲ್ಲ. “ಕೆಲಸ ಹೋದ್ರೆ ಹೋಗ್ಲಿ, ದಿನಾ ನನ್ನ ಕೈಯಿಂದ ಟಿಫಿನ್ ಕಟ್ಟಿಸ್ಕೊಂಡ್ರಲ್ಲ” ಎನ್ನುತ್ತಾರೆ. ಮುಂದಿನ ಭೇಟಿಯಲ್ಲಿ ಅದರ ಬಗ್ಗೆಯೇ ಮಾತಾಡಲಿದ್ದೇವೆ.