ತೇವಮಾಪಕದ ಅಂಕಿ ಏಕೆ ತಪ್ಪುತ್ತಿದೆ?

ಮೇಡಂ, ಎಂಟನೇ ತರಗತಿಯ ಮಕ್ಕಳು ಆರ್ಡುಯಿನೊ ಊನೊ (ಪ್ರೋಗ್ರಾಂ ಹಾಕಿ ನಡೆಸುವ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡ್) ಬಳಸಿ ಮಾಡಿದ ಮಣ್ಣಿನ ತೇವಮಾಪಕ ಕೆಲವೇ ವಾರಗಳಲ್ಲಿ ತಪ್ಪು ಅಂಕಿ ತೋರಿಸುತ್ತಿದೆ, ಪ್ರೋಗ್ರಾಂ ಕೆಟ್ಟಿದೆಯೇ ಎಂದು ಕೇಳಿದ್ದೀರಿ. ಪ್ರೋಗ್ರಾಂ ಅಲ್ಲ, ಬಹುಶಃ ಸಂವೇದಕದ ಕಡ್ಡಿ ಸವೆದಿದೆ, ಹೊರತೆಗೆದು ನೋಡಿ. ಒದ್ದೆ ಮಣ್ಣಿನಲ್ಲಿ ಸದಾ ವಿದ್ಯುತ್ ಹರಿಯುತ್ತಿದ್ದರೆ ವಿದ್ಯುದ್ವಿಭಜನೆಯಿಂದ ಒಂದು ಕಡ್ಡಿಯ ಲೋಹ ಕರಗುತ್ತಾ ಹೋಗುತ್ತದೆ. ಸಂವೇದಕಕ್ಕೆ ವಿದ್ಯುತ್ ಕೊಡುವ ತಂತಿಯನ್ನು ಬೋರ್ಡಿನ 5 ವೋಲ್ಟ್ ಪಿನ್‌ನಿಂದ ಬಿಡಿಸಿ, ಪ್ರೋಗ್ರಾಂನಿಂದ ಆನ್-ಆಫ್ ಮಾಡಬಹುದಾದ ಡಿಜಿಟಲ್ ಪಿನ್ 7ಕ್ಕೆ ಜೋಡಿಸಿ. ಅಳೆಯುವ ಕ್ಷಣದಲ್ಲಿ ಮಾತ್ರ ಆ ಪಿನ್ ಆನ್ ಆಗಲಿ. ಗಂಟೆಗೊಮ್ಮೆ ಅಳೆದರೆ ಧಾರಾಳ.

ಆದರೆ ಈ ಉತ್ತರವನ್ನು ಮಕ್ಕಳಿಗೆ ಈಗಲೇ ಹೇಳಬೇಡಿ, ದಯವಿಟ್ಟು! ಹಳೆಯ ಕಡ್ಡಿ, ಹೊಸ ಕಡ್ಡಿ ಎರಡನ್ನೂ ಕೊಟ್ಟು ಒಂದೇ ಕುಂಡದಲ್ಲಿ ಅಳೆಯಲು ಬಿಡಿ. ಬೋರ್ಡ್ ತೋರಿಸುವ, 0ಯಿಂದ 1023ರ ನಡುವೆ ಬರುವ ಎರಡು ಅಂಕಿಗಳನ್ನು ಅವರೇ ಹೋಲಿಸಲಿ, ಕಾರಣವನ್ನು ಅವರೇ ವಾದಿಸಲಿ. ಕೆಪ್ಯಾಸಿಟಿವ್ ಸಂವೇದಕ (ಲೋಹ ಮಣ್ಣಿಗೆ ತಾಗದಂತೆ ಅಳೆಯುವಂಥದ್ದು) ಹೀಗೆ ಸವೆಯುವುದಿಲ್ಲ, ಅದನ್ನು ಆಮೇಲೆ ತರಿಸಿ.